ಕವಾಟವು ಕಿರಿದಾದಾಗ

ಮಾನವನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಅದರೊಳಗಿನ ನಾಲ್ಕು ಕವಾಟಗಳು ತೆರೆದು ಮುಚ್ಚುತ್ತವೆ. ರಕ್ತವು ಮುಂದಕ್ಕೆ ಹರಿಯಬೇಕು, ಹಿಂದಕ್ಕೆ ಮರಳಬಾರದು. ಅವುಗಳ ಕೆಲಸ ಇಷ್ಟೇ. ಸೃಷ್ಟಿಕರ್ತನು ಈ ತೆಳುವಾದ ಪೊರೆಗಳನ್ನು ಎಷ್ಟು ನಿಖರವಾಗಿ ಜೋಡಿಸಿರುವನೆಂಬುದು ಅವು ಕೆಟ್ಟಾಗಲೇ ನಮ್ಮ ಅರಿವಿಗೆ ಬರುತ್ತದೆ.

ನಿಪ್ಪಾಣಿ ಬಳಿಯ ಅಕ್ಕೋಳದಲ್ಲಿರುವ ನನ್ನ ಖಾಲಾ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಎರಡನೆಯ ಬಸುರಿನಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ರಾತ್ರಿ ಮಲಗಲಾಗದೆ ಎದ್ದು ಕೂರುತ್ತಿದ್ದರು. ತಂಬಾಕಿನ ಧೂಳಿನಿಂದ ಬಂದ ದಮ್ಮು ಎಂದೇ ಓಣಿಯವರೆಲ್ಲ ಹೇಳುತ್ತಿದ್ದರು. ಬೆಳಗಾವಿಯಲ್ಲಿ ಎಕೋ ಪರೀಕ್ಷೆ ಮಾಡಿದ ವೈದ್ಯರು, "ಚಿಕ್ಕವರಿದ್ದಾಗ ಕೀಲುಗಳು ಊದಿಕೊಂಡಿದ್ದವೇ?" ಎಂದು ಕೇಳಿದರು. ನಾನಿಗೆ ಆಗ ನೆನಪಾಯಿತು: ಹತ್ತರ ಪ್ರಾಯದಲ್ಲಿ ಜ್ವರ ಬಂದು ಮೊಣಕಾಲು ಊದಿತ್ತು, ಅದು ಇಳಿಯುತ್ತಲೇ ಮೊಣಕೈ ಊದಿತ್ತು.

ಅದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬಂದಾಗ ಸರಿಯಾದ ಔಷಧಿ ಸಿಗದಿದ್ದರೆ, ಕೆಲವು ಮಕ್ಕಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಹೃದಯದ ಕವಾಟಗಳ ಮೇಲೆ ತಿರುಗಿಬೀಳುತ್ತದೆ. 5ರಿಂದ 15ರ ವಯಸ್ಸಿನ ಮಕ್ಕಳಲ್ಲಿ ಇದು ಹೆಚ್ಚು. ಕೀಲುನೋವು ವಾಸಿಯಾಗುತ್ತದೆ, ಕವಾಟದ ಗಾಯ ಉಳಿಯುತ್ತದೆ. 4ರಿಂದ 6 ಚದರ ಸೆಂಟಿಮೀಟರ್ ತೆರೆಯಬೇಕಾದ ಮೈಟ್ರಲ್ ಕವಾಟವು ವರ್ಷಗಳು ಕಳೆದಂತೆ ಒಂದು ಚದರ ಸೆಂಟಿಮೀಟರಿಗೆ ಇಳಿಯಬಹುದು. ಗರ್ಭಿಣಿಯ ಶರೀರದಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುವುದರಿಂದ, ಅದುವರೆಗೆ ಅಡಗಿದ್ದ ರೋಗ ಆಗಲೇ ಹೊರಬೀಳುತ್ತದೆ.

ಖಾಲಾರಿಗೆ ಮೊದಲು ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳುಹಿಸಿ ಕವಾಟವನ್ನು ಅಗಲಿಸಿದರು. ಜಪಾನಿನ ಡಾ. ಕಾಂಜಿ ಇನೋವೆ ರೂಪಿಸಿದ ಈ ವಿಧಾನದಲ್ಲಿ ಎದೆ ಕೊಯ್ಯಬೇಕಾಗಿಲ್ಲ. ಅಲ್‌ಹಮ್ದುಲಿಲ್ಲಾಹ್, ಹೆರಿಗೆ ಸುಸೂತ್ರವಾಯಿತು. ಹನ್ನೊಂದು ವರ್ಷಗಳ ನಂತರ ಕವಾಟ ಮತ್ತೆ ಕಿರಿದಾಗಿ, ಅದನ್ನು ಬದಲಿಸಲೇಬೇಕಾಯಿತು.

ಕೃತಕ ಕವಾಟಗಳಲ್ಲಿ ಎರಡು ಬಗೆ. ಲೋಹ ಮುಂತಾದವುಗಳಿಂದ ಮಾಡಿದ್ದು ದೀರ್ಘಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ನುಂಗಬೇಕು. ಪ್ರಾಣಿಯ ಅಂಗಾಂಶದ್ದಕ್ಕೆ ಆ ಕಾಟ ಕಡಿಮೆ, ಬಾಳಿಕೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ. ಅದನ್ನು ಹಂದಿಯ ಕವಾಟದಿಂದಲೂ ದನದ ಹೃದಯದ ಹೊರಪೊರೆಯಿಂದಲೂ ತಯಾರಿಸುತ್ತಾರೆ. ಇದನ್ನು ಕೇಳಿ ಮನೆಯವರೆಲ್ಲ ಕಳವಳಗೊಂಡರು. ಪ್ರಾಣರಕ್ಷಣೆಗೆ ಬೇರೆ ದಾರಿಯಿಲ್ಲದಾಗ ನಿಷಿದ್ಧವೂ ಅನುಮತಿಸಲ್ಪಡುತ್ತದೆಂಬ ತತ್ವದ ಆಧಾರದಲ್ಲಿ ಅನೇಕ ವಿದ್ವಾಂಸರು ಹಂದಿಯ ಕವಾಟಕ್ಕೂ ಅವಕಾಶ ನೀಡಿದ್ದಾರೆ. ಆದರೆ ಬೇರೆ ಆಯ್ಕೆಗಳಿವೆಯೇ ಎಂದು ಶಸ್ತ್ರವೈದ್ಯರನ್ನು ನೇರವಾಗಿ ಕೇಳುವುದು ನಮ್ಮ ಹಕ್ಕು. ಅದರಲ್ಲಿ ಸಂಕೋಚವೇಕೆ? ಖಾಲಾರ ವಯಸ್ಸು ಚಿಕ್ಕದಾದ್ದರಿಂದ ವೈದ್ಯರೇ ಮೊದಲ ಬಗೆಯದನ್ನು ಸೂಚಿಸಿದರು. ಅಂತಹ ಕವಾಟ ನಮ್ಮ ದೇಶದಲ್ಲೇ ತಯಾರಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡವು ಮೂರು ಮಾದರಿಗಳು ವಿಫಲವಾದ ಬಳಿಕ ನಾಲ್ಕನೆಯದರಲ್ಲಿ ಯಶಸ್ವಿಯಾಗಿ, 1990ರಲ್ಲಿ ರೋಗಿಗೆ ಅಳವಡಿಸಿತು.

ಈಗ ಖಾಲಾ ದಿನವೂ ಒಂದೇ ಹೊತ್ತಿಗೆ ಮಾತ್ರೆ ನುಂಗುತ್ತಾರೆ, ನಿಯಮಿತವಾಗಿ ಐ.ಎನ್.ಆರ್. ರಕ್ತಪರೀಕ್ಷೆ ಮಾಡಿಸುತ್ತಾರೆ. ಮೆಂತ್ಯ, ಪಾಲಕ್ ಸೊಪ್ಪನ್ನು ಬಿಟ್ಟಿಲ್ಲ. ಒಂದು ದಿನ ಅತಿಯಾಗಿ, ಮರುದಿನ ಇಲ್ಲವೇ ಇಲ್ಲ ಎಂಬಂತೆ ತಿನ್ನುವುದಿಲ್ಲ, ಅಷ್ಟೇ. ಹಲ್ಲು ಕೀಳಿಸುವ ಮೊದಲು ಹೃದಯ ವೈದ್ಯರಿಗೆ ತಿಳಿಸುತ್ತಾರೆ. ಹಿಜಾಮಾ ಮಾಡಿಸಿಕೊಳ್ಳಲು ಬಂಧುಗಳು ಒತ್ತಾಯಿಸಿದಾಗ ನಾನೇ ತಡೆದೆ. ರಕ್ತ ಹೆಪ್ಪುಗಟ್ಟದ ಔಷಧಿ ಸೇವಿಸುವವರ ಚರ್ಮಕ್ಕೆ ಗಾಯ ಮಾಡುವುದು ಅಪಾಯ. ರಮಝಾನಿಗೆ ಮುಂಚೆಯೇ ವೈದ್ಯರನ್ನು ಕಂಡು ಬರುತ್ತಾರೆ; ಅವರು ಬೇಡವೆಂದ ವರ್ಷ ಉಪವಾಸ ಬಿಡುತ್ತಾರೆ. ರೋಗಿಗೆ ಅಲ್ಲಾಹನು ನೀಡಿದ ರಿಯಾಯಿತಿಯನ್ನು ಸ್ವೀಕರಿಸಲು ನಾಚಿಕೆಪಡುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ವಿಷಯ. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಿಸಬೇಕು. ಮಗಳಿಗೆ ಸಂಬಂಧ ಕೂಡಿಬರಲಾರದೆಂದು ಹೆದರಿ ಇದನ್ನು ನಡುವೆಯೇ ನಿಲ್ಲಿಸುವವರಿದ್ದಾರೆ, ನಿಕಾಹ್ ವೇಳೆ ಕಾಯಿಲೆಯನ್ನು ಮುಚ್ಚಿಡುವವರೂ ಇದ್ದಾರೆ. ಆ ಮೌನದ ಬೆಲೆಯನ್ನು ಹುಡುಗಿಯು ಹೆರಿಗೆಯ ಕೋಣೆಯಲ್ಲಿ ತೆರುತ್ತಾಳೆ. ಲೋಹದ ಕವಾಟವಿರುವವರು ಸೇವಿಸುವ ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಬಸುರಿಗೆ ಮುನ್ನವೇ ಗಂಡ ಹೆಂಡತಿ ಇಬ್ಬರೂ ವೈದ್ಯರೆದುರು ಕೂತು ಮಾತಾಡಬೇಕು. ಗಂಡನಿಗೆ ವಿಷಯವೇ ತಿಳಿಯದಿದ್ದರೆ ಇದು ಹೇಗೆ ಸಾಧ್ಯ?

ಖರ್ಚಿನ ಭಯದಿಂದ ಸುಮ್ಮನಿರುವ ಮನೆಗಳಿಗೊಂದು ಮಾತು. ಬಿ.ಪಿ.ಎಲ್. ಕಾರ್ಡಿರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವಿದೆ. ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿರಿ, ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ.