ಭಂಗಿ ಪರೀಕ್ಷೆಯೂ ಅಚೌರ್ಯ ವ್ರತವೂ

ನೆರೆಯ ಕೊಲ್ಲಾಪುರದ ತೇಜಸ್ವಿನಿ ಸಾವಂತ ಅವರು 2010ರಲ್ಲಿ ಮ್ಯೂನಿಕ್ ನಗರದಲ್ಲಿ ರೈಫಲ್ ಶೂಟಿಂಗಿನ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಅವರು 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚಿನ ಪದಕ ಪಡೆದರು. ಇದನ್ನು ಕಂಡು ಚಿಕ್ಕೋಡಿ, ರಾಯಬಾಗ ಕಡೆಯ ಕೆಲವು ಹುಡುಗರು ನನ್ನ ಬಳಿ ಬಂದು ಈ ಕ್ರೀಡೆಯ ವಿಷಯ ವಿಚಾರಿಸುವುದುಂಟು. "ಶ್ರಾವಕರ ಮನೆಯ ಮಗನ ಕೈಯಲ್ಲಿ ಬಂದೂಕೇ?" ಎಂಬುದು ಹಿರಿಯರ ಪ್ರಶ್ನೆ. ಗುರಿ ಕಾಗದದ್ದು, ಅಲ್ಲಿ ಸಂಕಲ್ಪೀ ಹಿಂಸೆಯಿಲ್ಲ ಎಂಬುದು ನನ್ನ ಉತ್ತರ. ಆದರೆ ಭಂಗಿ ಪರೀಕ್ಷಕನಾಗಿ ನನಗೆ ಅಲ್ಲಿ ಎದುರಾದದ್ದು ಅಚೌರ್ಯದ ಪ್ರಶ್ನೆ.

ಮೊಣಕಾಲೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿಗಳು. ಬಲಗೈಯವನು ಮೊಣಕಾಲೂರಿದಾಗ ಬಲಗಾಲಿನ ಬೆರಳ ತುದಿ, ಬಲ ಮೊಣಕಾಲು, ಎಡ ಪಾದ ಇವು ಮೂರೇ ನೆಲ ಮುಟ್ಟಬೇಕು. ಮಲಗಿ ಗುಂಡು ಹಾರಿಸುವಾಗ ಎಡ ಮುಂದೋಳು ನೆಲದಿಂದ 30 ಡಿಗ್ರಿಗಿಂತ ಕಡಿಮೆ ಕೋನದಲ್ಲಿರಬಾರದು. ನಿಂತಾಗ ತೋಳಪಟ್ಟಿಯ ಆಸರೆಯಿಲ್ಲ. ಮುಂದೋಳು ನೆಲದತ್ತ ಬಾಗಿದಷ್ಟೂ ರೈಫಲ್ ಸ್ಥಿರವಾಗುತ್ತದೆ. ಆದ್ದರಿಂದಲೇ ಈ ಮಿತಿ. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. ಗುಂಡು ಎಲ್ಲಿ ತಗುಲಿತೆಂಬುದನ್ನು ಯಂತ್ರ ಹೇಳೀತು. ದೇಹ ಹೇಗಿತ್ತೆಂಬುದನ್ನು ಹೇಳಬೇಕಾದವನು ಪರೀಕ್ಷಕನೇ.

ವಿದ್ಯಾರ್ಥಿಗಳ ಒಂದು ಸ್ಪರ್ಧೆಯಲ್ಲಿ ನಮ್ಮ ಬಸದಿಗೇ ಬರುವ ಕುಟುಂಬದ ಹುಡುಗನೊಬ್ಬ ಮುಂದಿದ್ದ. ಅವನ ಮುಂದೋಳು ಮಿತಿಗಿಂತ ಕೆಳಗಿತ್ತು. ಕೋನ ಅಳೆದು ಎಚ್ಚರಿಕೆ ಕೊಟ್ಟೆ, ಸರಿಪಡಿಸಿಕೊಂಡ. ತುಸು ಹೊತ್ತಿನಲ್ಲಿ ತೋಳು ಮತ್ತೆ ಇಳಿಯಿತು. ನಿಯಮದಂತೆ ಎರಡು ಅಂಕ ಕಡಿತವಾಗಿ ಅವನ ಪದಕ ತಪ್ಪಿತು. ಹುಡುಗ ಅಳುತ್ತ ಕುಳಿತ. ಅವನ ತಂದೆ ನಿಪ್ಪಾಣಿಯ ತಂಬಾಕು ವ್ಯಾಪಾರಿ. "ಸರ, ಹುಡುಗ ನಮ್ಮವ ಅಲ್ಲೇನ್ರಿ? ಒಂದೀಟ ಕೈ ಇಳದರ ಏನಾತ್ರಿ?" ಎಂದರು. "ಅಣ್ಣಾರ, ನಿಮ್ಮ ಅಂಗಡಿ ತಕ್ಕಡಿ ಒಂದೀಟ ಇಳದರ ಏನಾಗತೈತ್ರಿ?" ಎಂದೆ. ಅವರು ಉತ್ತರಿಸಲಿಲ್ಲ, ಕೆಲವು ತಿಂಗಳು ನನ್ನೊಡನೆ ಮಾತನ್ನೂ ಆಡಲಿಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಎಣಿಸಿದೆ; ಎಂದರೆ ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು. ಭಂಗಿಯೂ ಒಂದು ಅಳತೆಯೇ. ಪಕ್ಕದ ಸಾಲಿನಲ್ಲಿ ನಿಯಮ ಪಾಲಿಸಿ ಒಂದು ಅಂಕ ಕಳೆದುಕೊಂಡ ಅಪರಿಚಿತ ಬಾಲಕನದೂ ಅಲ್ಲೊಂದು ಪಾಲಿದೆ. ತೋಳು ಇಳಿದಾಗ ಹೋಗುವುದು ಅವನ ಪಾಲು.

ಈ ಕ್ರೀಡೆಯ ದಂಡನೀತಿಯೂ ವಿವೇಕಯುತವಾಗಿದೆ. ಕಣ್ಣಿಗೆ ಕಾಣುವ ತಪ್ಪಿಗೆ ಮೊದಲು ಎಚ್ಚರಿಕೆ, ಬಳಿಕ ಅಂಕ ಕಡಿತ, ಅನಂತರ ಅನರ್ಹತೆ. ಬೇಕೆಂದೇ ಮರೆಮಾಚಿದ ತಪ್ಪಿಗಾದರೋ ನೇರ ಅನರ್ಹತೆ. ಪ್ರಮಾದಕ್ಕೂ ಮಾಯಾಕಷಾಯಕ್ಕೂ ನಮ್ಮ ಶಾಸ್ತ್ರಗಳು ಕಾಣುವ ಭೇದವೇ ಇಲ್ಲಿಯೂ ಕಾಣುತ್ತದೆ. ಪರೀಕ್ಷಕನಿಗೂ ಒಂದು ವ್ರತವುಂಟು: ತನ್ನವನೆಂದು ಸಡಿಲಿಸಬಾರದು, ಪಕ್ಷಪಾತದ ಅಪವಾದಕ್ಕೆ ಅಂಜಿ ತನ್ನವನನ್ನೇ ಹೆಚ್ಚು ಬಿಗಿಯಲೂಬಾರದು.

ಬಸದಿಯ ಟ್ರಸ್ಟಿನವರಿಗೂ ಈ ಮಾತು ಸಲ್ಲುತ್ತದೆ. ವರ್ಷಾಂತ್ಯದ ಲೆಕ್ಕ ಸರಿಹೊಂದಿದರೆ ಸಾಲದು. ಪೂಜೆಯ ಸವಾಲು, ಹೊಲದ ಗುತ್ತಿಗೆ, ಕಟ್ಟಡದ ಕಂತ್ರಾಟು ಯಾವ ರೀತಿ ನಡೆದವೆಂಬುದನ್ನು ಪಕ್ಕದಲ್ಲಿ ನಿಂತು ನೋಡುವವರು ಬೇಕು. ಆ ಕೆಲಸಕ್ಕೆ ನಿಂತವರೊಡನೆ ಕೆಲವರು ಮಾತು ಬಿಟ್ಟಾರು. ಉಳಿದ ಸಮಾಜವಾದರೂ ಅವರ ಬೆನ್ನಿಗಿರಬೇಕು.