ಹೈ ಸ್ಟ್ರೀಟಿನ ಹಂಚು

ನಾನು ಚಿಕ್ಕವಳಿದ್ದಾಗ 'ಹೈ ಸ್ಟ್ರೀಟ್' ಅಂದರೆ ಗುಡ್ಡದ ಮೇಲಿನ ಬೀದಿ ಎಂದೇ ನಂಬಿದ್ದೆ. 'ಹೈ' ಎಂದರೆ ಎತ್ತರ ಅಂತ ನಮ್ಮ ಖಾನಾಪುರದ ಶಾಲೆಯಲ್ಲಿ ಕಲಿಸಿದ್ದರಲ್ಲ! ಬೆಳಗಾವಿಯ ಕ್ಯಾಂಪಿನಲ್ಲಿ ಆ ಹೆಸರಿನ ಬೀದಿಯಿದೆ ಎಂದು ಕೇಳಿದಾಗ, ಮೆಟ್ಟಿಲು ಹತ್ತಿ ಹೋಗಬೇಕೇನೋ ಅಂದುಕೊಂಡಿದ್ದೆ. ಊರಿನ ಮುಖ್ಯ ಬೀದಿಗೆ ಇಂಗ್ಲಿಷರು ಹಾಗೆ ಕರೆಯುತ್ತಾರೆಂದು ತಿಳಿದದ್ದು ಬಿ.ಎ. ಓದುವಾಗ. ಆದರೂ ಮನಸ್ಸಿನೊಳಗಿನ ಗುಡ್ಡ ಮಾತ್ರ ಕರಗಲಿಲ್ಲ.

ಕ್ಯಾಂಪು ನೋಡಿದವರಿಗೆ ನನ್ನ ಮಾತು ಅರ್ಥವಾದೀತು. ಖಡೇ ಬಜಾರಿನ ನೂಕುನುಗ್ಗಲು, ರಿಕ್ಷಾಗಳ ಕರ್ಕಶ, ಸೀರೆ ಅಂಗಡಿಯವರ ಕೂಗು ಎಲ್ಲವನ್ನೂ ದಾಟಿ ಅಲ್ಲಿಗೆ ಕಾಲಿಟ್ಟರೆ ಸದ್ದೇ ಇಳಿದುಹೋಗುತ್ತದೆ. ಅಗಲವಾದ ರಸ್ತೆ, ಎರಡೂ ಕಡೆ ಹಳೆಯ ಮರಗಳು, ದೊಡ್ಡ ಕಂಪೌಂಡಿನೊಳಗೆ ಹಿಂದೆ ಸರಿದು ಕುಳಿತ ಹಂಚಿನ ಬಂಗಲೆಗಳು. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿದ ಮೇಲೆ ಅವರ ದಂಡಿಗಾಗಿ ಬೆಳೆದ ಬಡಾವಣೆ ಇದು. ಸಮುದ್ರಮಟ್ಟದಿಂದ ಸುಮಾರು 2500 ಅಡಿ ಎತ್ತರದ ನಮ್ಮೂರಿನ ತಂಪು ಹವೆ ಅವರಿಗೆ ಹಿಡಿಸಿರಬೇಕು. 1856ರ ಸೇಂಟ್ ಪಾಲ್ಸ್ ಶಾಲೆ, 1869ರ ಸೇಂಟ್ ಮೇರಿ ಚರ್ಚು ಇಂದಿಗೂ ಅಲ್ಲಿವೆ. ಮರಾಠಾ ಲಘು ಪದಾತಿ ದಳದ ಕೇಂದ್ರವೂ ಬೆಳಗಾವಿಯಲ್ಲೇ ಇರುವುದರಿಂದ ಸಿಪಾಯಿಗಳ ಓಡಾಟ ಇನ್ನೂ ನಿಂತಿಲ್ಲ.

ಬಿ.ಎಡ್. ಓದುವಾಗ, 1990ರಲ್ಲಿ, ಆ ಬಂಗಲೆಗಳಲ್ಲೊಂದಕ್ಕೆ ಮಗುವಿಗೆ ಪಾಠ ಹೇಳಲು ಹೋಗುತ್ತಿದ್ದೆ. ಆಷಾಢದ ಮಳೆ. ವರಾಂಡದಲ್ಲಿ ಟಪ್ ಟಪ್ ಎಂದು ನೀರು ಬೀಳುತ್ತಿತ್ತು, ಕೆಳಗೆ ಹಿತ್ತಾಳೆಯ ಬಕೀಟು ಇಟ್ಟಿದ್ದರು. "ಹಂಚು ಸರಿಮಾಡೋರೇ ಸಿಗೋದಿಲ್ಲ ನೋಡಿ" ಎಂದು ಮನೆಯಾಕೆ ಬೇಸರಪಟ್ಟರು. ಆಮೇಲೆ ಚಹಾ ಕೊಡುತ್ತ, "ನಿಮ್ಮ ತಾಯಿ ಏನು ಮಾಡ್ತಾರೆ?" ಎಂದು ಕೇಳಿದರು.

ನನ್ನ ಅವ್ವ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ದಿನಗೂಲಿ ಮಾಡುತ್ತಿದ್ದಳು. ನಮ್ಮೂರಿನ ಜೇಡಿಮಣ್ಣಿಗೆ ಹೆಸರಿದೆ. ಕುಂಬಾರಿಕೆ ಕಲಿಸುವ ಸರಕಾರಿ ಸಂಸ್ಥೆಯೂ ಅಲ್ಲಿದೆ. ಮಣ್ಣು ನಾದಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಟ್ಟ ಹಂಚನ್ನು ಅವ್ವ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು. ಗಂಟೆಯಂತೆ ನಾದ ಬಂದರೆ ಒಳ್ಳೆಯದು, 'ಬದ್' ಎಂದರೆ ಬಿರುಕು. ಎಷ್ಟೋ ಮನೆಗಳ ಮಾಡು ಆ ಗೆಣ್ಣಿನಡಿ ಹಾದುಹೋಗಿದೆ.

"ಮನೆಯಲ್ಲೇ ಇರ್ತಾರ್ರೀ" ಎಂದುಬಿಟ್ಟೆ.

ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅವ್ವನ ಕೂಲಿಯ ದುಡ್ಡಿನಲ್ಲೇ ನನ್ನ ಬಿ.ಎಡ್. ನಡೆದಿತ್ತು.

ಮುಂದೆ ನಾನೂ ಶಿಕ್ಷಕಿಯಾದೆ. ಪ್ರತಿ ಜೂನ್ ತಿಂಗಳು ಪ್ರವೇಶದ ಅರ್ಜಿ ತುಂಬುವಾಗ 'ತಾಯಿಯ ಉದ್ಯೋಗ' ಎಂಬಲ್ಲಿ ಹುಡುಗಿಯರು ಕಣ್ಣು ತಗ್ಗಿಸಿ "ಮನಿಯಾಗ ಇರತಾಳ್ರಿ" ಅನ್ನುತ್ತಾರೆ. ಅವರ ಅವ್ವಂದಿರು ಭತ್ತದ ಗದ್ದೆಯಲ್ಲಿ ನಾಟಿ ಮಾಡುವುದು ನನಗೆ ಗೊತ್ತಿರುತ್ತದೆ. ಗದರಿಸಲು ಬಾಯಿ ಬರುವುದಿಲ್ಲ.

ಹೋದ ವರ್ಷ ಕಣ್ಣು ತೋರಿಸಲು ಅವ್ವನನ್ನು ಬೆಳಗಾವಿಗೆ ಕರೆದುಕೊಂಡು ಬಂದಿದ್ದೆ. ಗಾಡಿಗೆ ಇನ್ನೂ ಸಮಯವಿತ್ತು. "ಬಾ, ಕ್ಯಾಂಪು ತೋರಸ್ತೀನಿ" ಎಂದೆ. ಎಂಬತ್ತರ ಹತ್ತಿರದ ಅವ್ವ ನನ್ನ ಕೈ ಹಿಡಿದು ನಿಧಾನ ನಡೆದಳು. ನಾನು ಚರ್ಚಿನ ಕಲ್ಲುಕಟ್ಟಡ, ಮರ, ಹೂದೋಟ ತೋರಿಸುತ್ತಿದ್ದರೆ ಆಕೆಯ ದೃಷ್ಟಿಯೆಲ್ಲ ಮೇಲಿನ ಮಾಡುಗಳ ಮೇಲೆ.

"ಆ ಸಾಲು ಸಡಲೈತಿ ನೋಡು. ಇದು ಚಲೋ ಸುಟ್ಟ ಹಂಚು, ಬಣ್ಣಾನ ಹೇಳತೈತಿ" ಎಂದು ಒಂದೊಂದೇ ಬಂಗಲೆಯ ತಪ್ಪು-ಒಪ್ಪು ಹೇಳುತ್ತ ಹೊರಟಳು. ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರ ಗತ್ತು! ಎಲ್ಲೋ ಒಂದೆಡೆ ಕಂಪೌಂಡಿನ ಪಕ್ಕ ಬಿದ್ದಿದ್ದ ಒಡಕು ಹಂಚನ್ನು ಎತ್ತಿ, ಸೆರಗಿನಿಂದ ಒರೆಸಿ, ಗೆಣ್ಣಿನಿಂದ ತಟ್ಟಿದಳು. ಕಿವಿ ಹತ್ತಿರ ಹಿಡಿದು, ಮೆಲ್ಲಗೆ ಇದ್ದಲ್ಲೇ ಇಟ್ಟಳು.

ಖಾನಾಪುರದ ಗಾಡಿ ದೇಸೂರು ದಾಟಿತು. ಇದಲಹೊಂಡ ಬರುವಷ್ಟರಲ್ಲಿ ಹೇಳಿಬಿಡಬೇಕು ಅಂದುಕೊಂಡೆ. ಬಕೀಟು, ಚಹಾ, ನನ್ನ ಸುಳ್ಳು, ಎಲ್ಲ ಹೇಳಿದೆ. ಅವ್ವ ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕುಳಿತಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಸ್ವಲ್ಪ ಹೊತ್ತಿಗೆ ನನ್ನತ್ತ ತಿರುಗಿ, "ಹುಚ್ಚಿ, ಖರೇ ಹೇಳಬೇಕಿಲ್ಲೇನ? ಒಂದಿನ ರಜಾ ಹಾಕಿ ಬರತಿದ್ದೆ. ಪಾಪ, ಆ ಮಳಿಗಾಲ ಪೂರಾ ಆಕಿ ಮನಿ ಸೋರಿರಬೇಕು" ಎಂದಳು.