ಓಡಿದ ಕಾರಿನ ಬೆಲೆ

ಕಳೆದ ವಾರ ನಮ್ಮೂರಾದ ನೇಸರಗಿಗೆ ಬಂದ ಗಿರಾಕಿಯೊಬ್ಬರು ನನ್ನ ಹಳೆಯ ಎಂ.ಜಿ. ಕಾರಿನ ಮೈಗೆಲ್ಲ ಅಯಸ್ಕಾಂತವನ್ನು ಹಚ್ಚಿ ಪರೀಕ್ಷಿಸಿದರು. ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದ ಕಡೆ ಅಯಸ್ಕಾಂತ ಹಿಡಿಯದೆ ಜಾರುವುದೆಂಬುದು ಕೊಳ್ಳುವವರೆಲ್ಲ ಬಲ್ಲ ಉಪಾಯ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಚಾಸಿಯ ಸಂಖ್ಯೆಯನ್ನೂ ಎಂಜಿನ್ನಿನ ಸಂಖ್ಯೆಯನ್ನೂ ಬರೆದುಕೊಂಡು, ಮಗ್ಗುಲು ಮಗ್ಗುಲಿನ ಚಿತ್ರ ತೆಗೆದುಕೊಂಡು, ಚಹಾ ಸೇವಿಸಿ, "ರೇಸಿನ ಫೈಲ್ ಇದೆಯಾ ಸಾರ್?" ಎಂದು ವಿಚಾರಿಸಿ ಹೊರಟು ನಿಂತ ಆ ಸಜ್ಜನರು, ಒಮ್ಮೆ ಎಂಜಿನ್ ಚಾಲೂ ಮಾಡಿರೆಂದು ಮಾತ್ರ ಕೇಳಲಿಲ್ಲ.

ನಮ್ಮ ಸೀಮೆಯಲ್ಲಿ ಶರ್ಯತ್ತಿನ ಎತ್ತನ್ನು ಹೀಗೆ ಕೊಳ್ಳುವವನು ಹುಟ್ಟಿಲ್ಲ. ಹಲ್ಲು ನೋಡುವರು, ಸುಳಿ ನೋಡುವರು, ಗೊರಸು ತಟ್ಟುವರು, ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಮೌನದಲ್ಲಿಯೇ ದರ ಕುದುರಿಸುವರು, ನಿಜ. ಆದರೆ ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿ ನೋಡದೆ ಹಣ ಎಣಿಸುವ ರೈತನನ್ನು ನಾನಂತೂ ಕಂಡಿಲ್ಲ. ಓಟದ ಪ್ರಾಣಿಯ ಪೂರ್ವಚರಿತ್ರೆ ಅದರ ಕಾಲಿನಲ್ಲಿರುತ್ತದೆಯೇ ಹೊರತು ಯಜಮಾನನ ಪೆಟ್ಟಿಗೆಯಲ್ಲಿ ಅಲ್ಲವೆಂಬ ತತ್ತ್ವ ಅವನಿಗೆ ಯಾರೂ ಬೋಧಿಸದೆಯೇ ಸಿದ್ಧಿಸಿದೆ.

ಕಾರಿನ ವಿಷಯವನ್ನು ಬಲ್ಲವರಿಗೆ ವಿಸ್ತರಿಸಬೇಕಾದುದಿಲ್ಲ. ಅಬಿಂಗ್ಡನ್ನಿನ ಕಾರ್ಖಾನೆಯಲ್ಲಿ 1945ರಿಂದ 1949ರವರೆಗೆ ಸುಮಾರು 10,000ದಷ್ಟು ತಯಾರಾದ ಟಿ.ಸಿ. ಮಾದರಿಯದು, 1250 ಸಿ.ಸಿ. ಎಂಜಿನ್, ಜೋಡಿ ಎಸ್.ಯು. ಕಾರ್ಬುರೇಟರ್, ತಗಡಿನೊಳಗೆ ಆ್ಯಶ್ ಮರದ ಚೌಕಟ್ಟು. ಮಹಾಯುದ್ಧದ ವಿಮಾನಗಳಿಗಾಗಿ ಮದರಾಸಿನ ಬಳಿ ಹಾಸಿದ್ದ ಶೋಲಾವರಂ ಓಡುಪಟ್ಟಿ 1950ರ ದಶಕದಲ್ಲಿ ಕಾರುಗಳ ರಂಗಸ್ಥಲವಾದಾಗ ಇದೂ ಮುಂಗಾಜನ್ನು ಮಡಚಿ ಮಲಗಿಸಿಕೊಂಡು ಅಲ್ಲಿ ಓಡಿತ್ತು. ಎಡ ಮಡ್ಗಾರ್ಡಿನ ಮೇಲಿರುವ ತಗ್ಗು ಅಲ್ಲಿಯದೇ. ಕ್ಲಚ್ಚಿಗೆ ನನ್ನ ಮೊಣಕಾಲು ಒಪ್ಪದಿರುವುದರಿಂದ ಈಗ ಮಾರಬೇಕಾಗಿದೆ.

ಈ ಎಂಜಿನ್ನಿನ ರಹಸ್ಯವೊಂದನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಮೊದಲನೆಯ ಮಹಾಯುದ್ಧದಲ್ಲಿ ಹಾಚ್ಕಿಸ್ ಎಂಬ ಫ್ರೆಂಚ್ ಶಸ್ತ್ರ ತಯಾರಕರು ಕೊವೆಂಟ್ರಿಯಲ್ಲಿ ಕಾರ್ಖಾನೆ ತೆರೆದರು. ಯುದ್ಧ ಮುಗಿದ ಮೇಲೆ ಅಲ್ಲಿ ಮಾರಿಸ್ ಕಾರುಗಳ ಎಂಜಿನ್ನುಗಳಾದವು. 1923ರಲ್ಲಿ ಆ ಕಾರ್ಖಾನೆಯೇ ಮಾರಿಸರದಾಯಿತು. ನನ್ನ ಎಂ.ಜಿ.ಯ ಎಂಜಿನ್ ಆ ಮಾರಿಸರ ವಂಶದ್ದೇ. ಯಂತ್ರಗಳು ಫ್ರೆಂಚರ ಮೆಟ್ರಿಕ್ ಅಳತೆಯವು, ಮೆಕ್ಯಾನಿಕ್ಕುಗಳ ಕೈಯಲ್ಲಿದ್ದ ಪಾನಾಗಳು ಬ್ರಿಟಿಷರ ವಿಟ್‌ವರ್ಥ್ ಅಳತೆಯವು. ಆದುದರಿಂದ ಮೆಟ್ರಿಕ್ ದೇಹಕ್ಕೆ ವಿಟ್‌ವರ್ಥ್ ತಲೆಯಿಟ್ಟ ವಿಚಿತ್ರವಾದ ಬೋಲ್ಟು ಜನ್ಮ ತಾಳಿತು. ಗಜಮುಖನಿಗೆ ನಿತ್ಯ ಕೈಮುಗಿಯುವ ನಾವು ಅದಕ್ಕೆ ಹುಬ್ಬೇರಿಸಬೇಕಾಗಿಲ್ಲ. ಈ ಎಂಜಿನ್ನಿನ 8 ಮಿಲಿಮೀಟರ್ ಬೋಲ್ಟಿನ ಥ್ರೆಡ್ಡುಗಳ ನಡುವಣ ಅಂತರ 1 ಮಿಲಿಮೀಟರ್. ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬೋಲ್ಟಿನದು 1.25. ಈ ಪರಕೀಯನು ಒಂದು ಸುತ್ತು ಒಳಹೊಕ್ಕಂತೆ ನಟಿಸಿ ಬಿಗಿಯುತ್ತಾನೆ. ಅಲ್ಲಿ ಪಾನಾ ಹಾಕಿ ಬಲ ಪ್ರಯೋಗಿಸಿದರೆ ಎಂಜಿನ್ನಿನ ಥ್ರೆಡ್ಡು ಸರ್ವನಾಶ. ನನ್ನ ಉಪಾಯ ಸರಳ: ಎಣ್ಣೆ ಹನಿಸಿದ ಬೋಲ್ಟನ್ನು ಮೊದಲು ಹಿಂದಕ್ಕೆ ತಿರುಗಿಸಬೇಕು, ಥ್ರೆಡ್ಡು ತನ್ನ ಜಾಡಿಗೆ ಬಿದ್ದ ಟಕ್ಕೆಂಬ ಸ್ಪರ್ಶ ಬೆರಳಿಗೆ ತಿಳಿದ ಮೇಲೆ ಮುಂದಕ್ಕೆ, ಮೂರು ಸುತ್ತು ಬರಿಗೈಯಲ್ಲಿಯೇ. ಕೈಗೆ ಒಪ್ಪದ್ದನ್ನು ಪಾನಾದಿಂದ ಒಪ್ಪಿಸಕೂಡದು. "ಸಾಹೇಬ್ರ, ಹಿಂಗ ಮಾಡಿದ್ರ ಒಂದ್ ಎಂಜಿನ್ನಿಗೆ ಒಂದ್ ತಿಂಗಳಾ ಬೇಕಲ್ರಿ!" ಎಂದು ನಮ್ಮೂರ ಮಿಸ್ತ್ರಿ ನಗುತ್ತಾನೆ. ಬೇಕು, ಬೇಕೆಂದೇ ಅಲ್ಲವೆ ಇದು ಹವ್ಯಾಸವಾದದ್ದು?

ನನ್ನ ಜಗಳ ಅವನೊಡನೆ ಅಲ್ಲ; ಜೀರ್ಣೋದ್ಧಾರದ ಪಂಡಿತರೊಡನೆ. ಈ ಮಹನೀಯರು ಹಳೆಯ ರಂಧ್ರಕ್ಕೆ ಹೊಸ ಥ್ರೆಡ್ಡು ಕೊರೆಯುವರು, ತಗ್ಗನ್ನು ಟಿಂಕರಿಂಗ್ ಮಾಡಿ ಸಮಗೊಳಿಸುವರು, ಅಬಿಂಗ್ಡನ್ನಿನವರು ಕನಸಿನಲ್ಲಿಯೂ ಕಾಣದಷ್ಟು ಹೊಳಪನ್ನು ಬಣ್ಣಕ್ಕೆ ತರುವರು. ಬಳಿಕ ಹಗ್ಗ ಕಟ್ಟಿದ ಆವರಣದಲ್ಲಿ ಅದನ್ನು ನಿಲ್ಲಿಸಿ, ಪಕ್ಕದ ಫಲಕದಲ್ಲಿ ಅದರ ಶೌರ್ಯವನ್ನು ವರ್ಣಿಸುವರು. ಗಾಯವನ್ನು ಅಳಿಸಿ ಯುದ್ಧದ ಕಥೆಯನ್ನು ಮಾರುವ ಈ ವ್ಯಾಪಾರವನ್ನು ಸಭ್ಯ ಭಾಷೆಯಲ್ಲಿ ಏನೆನ್ನಬೇಕೋ ಅರಿಯೆ; ನೇಸರಗಿಯಲ್ಲಿ ಅದಕ್ಕೆ ಮೋಸವೆನ್ನುತ್ತಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ಕಂಡು ಸಂತೋಷಪಟ್ಟವನು ನಾನು. ಕಾರು ವಿಶ್ರಮಿಸುವುದು ತಪ್ಪಲ್ಲ, ತಾನು ಬದುಕಿಯೇ ಇರಲಿಲ್ಲವೆಂಬಂತೆ ವೇಷ ಧರಿಸುವುದು ತಪ್ಪು.

ಹಾಗಾದರೆ ಭಾಗಗಳು ಬದಲಾದ ಕಾರು ಅದೇ ಕಾರೇ ಎಂದು ತಾರ್ಕಿಕರು ಕೇಳಬಹುದು. ಈ ಪ್ರಶ್ನೆ ಲಂಡನ್ನಿನ ಹೈಕೋರ್ಟಿನವರೆಗೂ ಹೋಗಿದೆ. 1929 ಮತ್ತು 1930ರ ಲೆ ಮಾನ್ಸ್ ಪಂದ್ಯಗಳನ್ನು ಗೆದ್ದ, 'ಓಲ್ಡ್ ನಂಬರ್ ಒನ್' ಎಂದು ಖ್ಯಾತವಾದ ಬೆಂಟ್ಲಿ ಕಾರು, ಎಂಟು ಲೀಟರಿನ ಹೊಸ ಎಂಜಿನ್ ಹೊತ್ತು 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಓಡುತ್ತಿದ್ದಾಗ ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್‌ಫೀ ಮೃತನಾದನು; ಕಾರನ್ನು ಮತ್ತೆ ಕಟ್ಟಲಾಯಿತು. ಮುಂದೆ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲೊಪ್ಪಿದವರು, ಗೆದ್ದ ಕಾರಿನ ಅಂಶವೇ ಇದರಲ್ಲಿ ಉಳಿದಿಲ್ಲವೆಂದು ಹಿಂದೆಗೆದರು. 1990ರಲ್ಲಿ ನ್ಯಾಯಮೂರ್ತಿ ಆಟನ್, ಕಡಿಯದೆ ಬಂದ ಇತಿಹಾಸವೇ ಅದಕ್ಕೆ ಆ ಹೆಸರಿನ ಅಧಿಕಾರವನ್ನು ಕೊಡುವುದೆಂದು ತೀರ್ಪಿತ್ತರು. ಓಡುತ್ತ ಸವೆದದ್ದನ್ನು ಓಡುವುದಕ್ಕಾಗಿಯೇ ಬದಲಿಸಿದರೆ ಕಾರು ತನ್ನತನವನ್ನು ಕಳೆದುಕೊಳ್ಳದು. ಪ್ರದರ್ಶನಕ್ಕಾಗಿ ಬದಲಿಸಿದಾಗ ಮಾತ್ರ ನನ್ನ ಪಿತ್ತ ಕೆರಳುತ್ತದೆ.

ಇನ್ನು ರಸ್ತೆಯಲ್ಲಿ ಓಡಿಸುವ ವಿಷಯ. ನಮ್ಮ ಸರ್ಕಾರದ 2021ರ ನಿಯಮಗಳಂತೆ ಐವತ್ತು ವರ್ಷ ಮೀರಿ, ಮೂಲರೂಪವನ್ನು ಉಳಿಸಿಕೊಂಡ ವಾಹನ ವಿಂಟೇಜ್ ಎನಿಸಿಕೊಳ್ಳಬಹುದು. ಆ ಪದವಿಗೇರಿದ ಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸಲು ರಸ್ತೆಗಿಳಿಯಬಹುದು, ನಿತ್ಯದ ತಿರುಗಾಟಕ್ಕೆ ಇಳಿಯಕೂಡದು. ದೂರದ ಕಿತ್ತೂರಿನ ಪೆಟ್ರೋಲೇ ಈ ಎಂಜಿನ್ನಿಗೆ ಹೆಚ್ಚು ಒಗ್ಗುತ್ತದೆಂದು ಮುಂದಿನ ಯಜಮಾನರು ಕಂಡುಕೊಂಡರೆ ನಿಯಮಕ್ಕೂ ಭಂಗವಿಲ್ಲ, ಕಾರಿಗೂ ಸುಖ.

ದರದ ವಿಷಯದಲ್ಲಿ ನಾನು ನಿಶ್ಚಯಿಸಿರುವುದಿಷ್ಟು. ಶೋಲಾವರಂನ ಛಾಯಾಚಿತ್ರಗಳೂ ರಸೀದಿಗಳೂ ತುಂಬಿದ ಫೈಲು ನನ್ನಲ್ಲಿದೆ. ಓಡಿಸುವೆನೆಂದು ಬರುವವರಿಗೆ ಕಾರಿನೊಡನೆ ಅದನ್ನು ಪುಕ್ಕಟೆಯಾಗಿ ಕೊಡುತ್ತೇನೆ. ಫೈಲನ್ನೇ ಮೊದಲು ಕೇಳುವವರಿಗೆ, ಅವರು ಹೇಳಿದ ಪೂರ್ಣ ಬೆಲೆಗೆ, ಫೈಲನ್ನಷ್ಟೇ ಮಾರಲು ಸಿದ್ಧನಿದ್ದೇನೆ.